ನೀಹಾರವೂ ನೀಹಾರಿಕೆಯೂ

ಆಕಾಶವನ್ನು ನೋಡುವ ಹುಚ್ಚು ಹಿಡಿದವರಿಗೆ ನಮ್ಮ ನಾಡಿನಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ಸುಗ್ಗಿ. ಜೂನ್ ತಿಂಗಳಿನಿಂದ ಮುಂಗಾರಿನ ಮೋಡ; ಅದು ಹಿಂದೆ ಸರಿಯಿತೆನ್ನುವಷ್ಟರಲ್ಲಿ ಹಿಂಗಾರಿನ ಮಳೆ. ಕಾರ್ತಿಕ ಮಾಸ ಮುಗಿಯುತ್ತ ಬಂದು ಮೈಗೆ ಕಂಬಳಿ ಬೇಕೆನಿಸುವ ಹೊತ್ತಿಗೆ ಮೋಡ ಹರಿದು ಆಕಾಶ ನಿರ್ಮಲವಾಗುತ್ತದೆ. ಆಗ ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದು ಶನಿವಾರ ಒದಗಿತೆಂದರೆ ನಮ್ಮಂಥವರು ಮನೆಯಲ್ಲಿ ನಿಲ್ಲುವುದಿಲ್ಲ. 2023ನೆಯ ಇಸವಿಯ ಡಿಸೆಂಬರ್ 9 ಅಂತಹ ಒಂದು ಶನಿವಾರವಾಗಿದ್ದಿತು. ಅಮಾವಾಸ್ಯೆಗೆ ಇನ್ನು ಮೂರು ದಿನ. ಚಂದ್ರೋದಯವಾಗುವುದು ಬೆಳಗಿನ ಜಾವ ನಾಲ್ಕರ ಮೇಲೆ. ಅಲ್ಲಿಯವರೆಗಿನ ಕತ್ತಲೆಯೆಲ್ಲ ನಮ್ಮದು.

ನೀಹಾರ ಎಂಬ ಸಂಸ್ಕೃತ ಶಬ್ದಕ್ಕೆ ಮಂಜು ಎಂದು ಅರ್ಥ. ದೂರದರ್ಶಕದಲ್ಲಿ ಮಂಜಿನ ತುಣುಕಿನಂತೆ ತೋರುವ ಆಕಾಶಕಾಯಗಳಿಗೆ ನೀಹಾರಿಕೆಗಳೆಂಬ ಹೆಸರು ಬಂದುದು ಇದರಿಂದಲೇ. ಆ ರಾತ್ರಿ ಒಂದು ನೀಹಾರಿಕೆಯ ಛಾಯಾಚಿತ್ರವನ್ನು ತೆಗೆಯಲು ಹೊರಟ ನಾವು ನೀಹಾರದ ಕೈಗೆ ಸಿಕ್ಕಿಬಿದ್ದ ಸಂಗತಿಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ಐವರು: ಬ್ಯಾಂಕಿನಲ್ಲಿ ಕೆಲಸಮಾಡುವ ಗೆಳೆಯರೊಬ್ಬರು, ಔಷಧದ ಅಂಗಡಿಯ ಯಜಮಾನರೊಬ್ಬರು, ಭೌತಶಾಸ್ತ್ರವನ್ನು ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು, ಮತ್ತು ನಾನು. ಚಿಕ್ಕಮಗಳೂರಿನ ಉತ್ತರಕ್ಕೆ, ಬಾಬಾಬುಡನ್ ಗಿರಿಶ್ರೇಣಿಯ ಇಳಿಜಾರಿನಲ್ಲಿ, ಪರಿಚಿತರೊಬ್ಬರ ಕಾಫಿ ತೋಟವಿದೆ. ಡಿಸೆಂಬರ್ ಕಾಫಿ ಕೊಯ್ಲಿನ ಕಾಲವಾದುದರಿಂದ ತೋಟದ ಕಣದ ಮುಕ್ಕಾಲು ಪಾಲಿನಲ್ಲಿ ಹಣ್ಣನ್ನು ಒಣಗಲು ಹರಡಿದ್ದರು. ಉಳಿದ ಕಾಲು ಪಾಲು ನಮಗೆ ದೊರೆಯಿತು. ಸೂರ್ಯ ಮುಳುಗುತ್ತಲೇ ಆಳುಗಳು ಕಾಫಿಯನ್ನು ಗುಡ್ಡೆಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಹೋದರು. ನಾವು ಅದನ್ನು ಕಣ್ಣಾರೆ ನೋಡಿದೆವು; ಅದರಿಂದ ಏನನ್ನೂ ಕಲಿಯಲಿಲ್ಲ.

ನಮ್ಮ ಗುರಿ ಆಂಡ್ರೊಮಿಡಾ ನೀಹಾರಿಕೆ. ಕನ್ನಡದ ಕೆಲವು ಪುಸ್ತಕಗಳಲ್ಲಿ ಈ ಪುಂಜಕ್ಕೆ ದ್ರೌಪದಿ ಎಂದೂ ಬೇರೆ ಕೆಲವುಗಳಲ್ಲಿ ದೇವಯಾನಿ ಎಂದೂ ಹೆಸರಿದೆ. ಡಿಸೆಂಬರ್ ತಿಂಗಳಲ್ಲಿ ರಾತ್ರಿ ಎಂಟು ಗಂಟೆಯ ಸುಮಾರಿಗೆ ಉತ್ತರಾಭಿಮುಖವಾಗಿ ನಿಂತರೆ ಇಂಗ್ಲಿಷಿನ ಎಂ ಅಕ್ಷರದಂತಿರುವ ಐದು ನಕ್ಷತ್ರಗಳ ಪುಂಜವೊಂದು ಎದುರಿಗೇ ಕಾಣುವುದು. ಅದು ಕುಂತಿ, ಎಂದರೆ ಕ್ಯಾಸಿಯೋಪಿಯಾ. ಎಂ ಅಕ್ಷರದ ಎರಡು ಚೂಪುಗಳಲ್ಲಿ ಹೆಚ್ಚು ಮೊನಚಾದುದು ನೆತ್ತಿಯ ಕಡೆಗೆ ಬೆರಳು ತೋರುತ್ತದೆ. ಆ ದಿಕ್ಕಿನಲ್ಲಿ ಕಣ್ಣನ್ನು ಮೆಲ್ಲಗೆ ಏರಿಸಿದರೆ, ದೀಪಗಳಿಲ್ಲದ ಹಳ್ಳಿಗಾಡಿನಲ್ಲಿ, ವಿಭೂತಿಯನ್ನು ಬೆರಳಿನಿಂದ ಒರೆಸಿದಂತಹ ಒಂದು ಮಸುಕು ಕಲೆ ಗೋಚರಿಸುವುದು. ಪಾರಸಿ ಜ್ಯೋತಿರ್ವಿದನಾದ ಅಲ್ ಸೂಫಿ 964ರಲ್ಲಿ ಇದನ್ನು ಸಣ್ಣ ಮೋಡವೆಂದು ತನ್ನ ಗ್ರಂಥದಲ್ಲಿ ಗುರುತಿಸಿದ್ದಾನೆ. ಇದು ಮೋಡವಲ್ಲ, ನಮ್ಮ ಆಕಾಶಗಂಗೆಯಂತೆಯೇ ಅಸಂಖ್ಯ ನಕ್ಷತ್ರಗಳಿಂದ ಕೂಡಿದ ಮತ್ತೊಂದು ಬೃಹತ್ ಸಮೂಹ. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳು. ಬರಿಗಣ್ಣಿಗೆ ಅದರ ನಡುವಿನ ಗಟ್ಟಿ ಬೆಳಕು ಮಾತ್ರ ಕಾಣುತ್ತದೆ. ಪೂರ್ಣ ವಿಸ್ತಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆಕಾಶದಲ್ಲಿ ಅದರ ಉದ್ದ ಸುಮಾರು 3 ಡಿಗ್ರಿ, ಎಂದರೆ ಹುಣ್ಣಿಮೆಯ ಆರು ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು! ಇಷ್ಟು ದೊಡ್ಡ ವಸ್ತು ನಮ್ಮ ಕಣ್ಣಿಗೆ ಬೀಳದಿರುವುದು ಅದು ಚಿಕ್ಕದೆಂದಲ್ಲ, ಮಂಕಾಗಿದೆ ಎಂದು.

ಕಣ್ಣಿಗೂ ಕ್ಯಾಮರಾಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಬಂದ ಬೆಳಕನ್ನು ಮಿದುಳಿಗೆ ಒಪ್ಪಿಸಿ, ಲೆಕ್ಕವನ್ನು ಅಳಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ಗಂಟೆಗಟ್ಟಲೆ ದಿಟ್ಟಿಸಿದರೂ ಮೊದಲ ನಿಮಿಷಗಳಲ್ಲಿ ಕಾಣದುದು ಆಮೇಲೆ ಕಾಣುವುದಿಲ್ಲ. ಕ್ಯಾಮರಾದೊಳಗಿನ ಸಿಲಿಕಾನ್ ಫಲಕವಾದರೋ ಜಿಪುಣನ ಹುಂಡಿಯಂತೆ. ಒಂದು ಫೋಟಾನು ಬಿದ್ದರೆ ಒಂದು ಎಲೆಕ್ಟ್ರಾನು ಬಿಡುಗಡೆಯಾಗಿ ಅಲ್ಲಿಯೇ ಒಂದು ಪುಟ್ಟ ಕೋಶದಲ್ಲಿ ಸೆರೆಯಾಗುತ್ತದೆ. ಎರಡು ನಿಮಿಷ ತೆರೆದಿಟ್ಟರೆ ಎರಡು ನಿಮಿಷದ ಸಂಪಾದನೆಯೆಲ್ಲ ಕೋಶದಲ್ಲಿ ಇರುತ್ತದೆ. ಹಿಂದಿನ ಕಾಲದ ಗಾಜಿನ ಫಲಕಗಳು ತಮ್ಮ ಮೇಲೆ ಬಿದ್ದ ನೂರು ಫೋಟಾನುಗಳಲ್ಲಿ ಒಂದೆರಡನ್ನು ಮಾತ್ರ ಹಿಡಿದಿಡುತ್ತಿದ್ದವು. ಇಂದಿನ ಸಿಲಿಕಾನ್ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುತ್ತದೆ.

ಆದರೆ ತೆರೆದಿಟ್ಟು ಕುಳಿತರೆ ಸಾಲದು. ನಾವು ನಿಂತ ನೆಲವೇ ತಿರುಗುತ್ತಿದೆ. ಭೂಮಿಯ ಆವರ್ತನೆಯಿಂದಾಗಿ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. ನಮ್ಮ ದೂರದರ್ಶಕದ ಮಸೂರ 80 ಮಿಲಿಮೀಟರ್ ಅಗಲದ್ದು, ನಾಭಿದೂರ 480 ಮಿಲಿಮೀಟರ್. ಅದರ ಹಿಂದೆ ಕಣ್ಣುಗೂಡಿನ ಬದಲು ಸಾಮಾನ್ಯ ಡಿಜಿಟಲ್ ಕ್ಯಾಮರಾ. ಈ ಜೋಡಣೆಯನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿದರೆ ಆಕಾಶದ ಮಧ್ಯರೇಖೆಯ ಬಳಿಯ ನಕ್ಷತ್ರದ ಬಿಂಬ ಒಂದೇ ಸೆಕೆಂಡಿನಲ್ಲಿ ಸುಮಾರು ಒಂಬತ್ತು ಕೋಶಗಳನ್ನು ದಾಟಿಹೋಗುತ್ತದೆ. ಆದುದರಿಂದ ದೂರದರ್ಶಕವನ್ನು ಭೂಮಿಯ ತಿರುಗುವಿಕೆಗೆ ಪ್ರತಿಯಾಗಿ, ಅದೇ ವೇಗದಲ್ಲಿ, ಅದೇ ಅಕ್ಷದ ಸುತ್ತ ತಿರುಗಿಸಬೇಕು. ಇದಕ್ಕಾಗಿ ಒಂದು ಪುಟ್ಟ ಮೋಟಾರಿನ ತಿರುಗುಪೀಠವುಂಟು. ಅದರ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸುವುದು ವೀಕ್ಷಕನ ಮೊದಲ ಕರ್ತವ್ಯ. ಧ್ರುವನಕ್ಷತ್ರ ಇರುವುದು ಇದಕ್ಕಾಗಿಯೇ ಎಂದು ನಮ್ಮ ಗುಂಪಿನ ನಂಬಿಕೆ.

ಇಲ್ಲಿ ನಮ್ಮ ನಾಡಿನವರಿಗೆ ಒಂದು ವಿಶೇಷ ತೊಂದರೆ. ಪರದೇಶದ ಕೈಪಿಡಿಗಳಲ್ಲಿ ಧ್ರುವನನ್ನು ನೋಡಿ ಅಕ್ಷವನ್ನು ಹೊಂದಿಸಿರಿ ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗುತ್ತಾರೆ. ಲಂಡನ್ನಿನಲ್ಲಿ ಧ್ರುವ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಚಿಕ್ಕಮಗಳೂರಿನಲ್ಲಿ 13 ಡಿಗ್ರಿ ಮಾತ್ರ. ಊರಿನ ಅಕ್ಷಾಂಶವೆಷ್ಟೋ ಧ್ರುವನ ಎತ್ತರವೂ ಸುಮಾರು ಅಷ್ಟೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. 13 ಡಿಗ್ರಿಯೆಂದರೆ ಕಾಫಿ ತೋಟದಲ್ಲಿ ಸರಿಯಾಗಿ ಸಿಲ್ವರ್ ಓಕ್ ಮರಗಳ ತಲೆಯ ಮಟ್ಟ. ಮುಕ್ಕಾಲಿಯನ್ನು ಎರಡು ಸಲ ಎತ್ತಿ, ಕಣದ ಈ ಮೂಲೆಯಿಂದ ಆ ಮೂಲೆಗೆ ಹೊತ್ತು, ಕೊನೆಗೆ ಎರಡು ಮರಗಳ ಸಂದಿಯಲ್ಲಿ ಧ್ರುವ ಮಿನುಗಿದಾಗ ಏಳೂಕಾಲು ಗಂಟೆ. ಆಗಲೇ ಗುರು ಪೂರ್ವದಲ್ಲಿ ಎತ್ತರಕ್ಕೆ ಏರಿದ್ದ. ಶನಿ ನೈಋತ್ಯದಲ್ಲಿ ಇಳಿಯುತ್ತಿದ್ದ. ಔಷಧದ ಅಂಗಡಿಯ ಮಿತ್ರರು ತಮ್ಮ ಸ್ವಂತ ದೂರದರ್ಶಕವನ್ನು ಗುರುವಿನ ಕಡೆಗೆ ತಿರುಗಿಸಿ ಅದರ ಉಪಗ್ರಹಗಳನ್ನು ಎಣಿಸುತ್ತ ಕುಳಿತರು. ಛಾಯಾಚಿತ್ರದ ಗೊಡವೆ ಅವರಿಗಿಲ್ಲ. ಕಣ್ಣಿನಿಂದ ನೋಡದ ಮೇಲೆ ನೋಡಿದುದೇನು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಏಳು ಮುಕ್ಕಾಲಿಗೆ ಮೊದಲ ಚಿತ್ರ. ಎರಡೆರಡು ನಿಮಿಷದ ಒಂದೊಂದು ಚಿತ್ರವನ್ನು ಸಾಲಾಗಿ ತೆಗೆಯುವಂತೆ ಕ್ಯಾಮರಾಕ್ಕೆ ಆಜ್ಞೆ ಕೊಟ್ಟೆವು. ಒಂದೇ ಸಲಕ್ಕೆ ನಾಲ್ಕು ಗಂಟೆ ತೆರೆದಿಡದೆ ಹೀಗೆ ತುಂಡುತುಂಡಾಗಿ ತೆಗೆಯುವುದೇಕೆಂದರೆ, ಒಂದು ಉಪಗ್ರಹ ಅಡ್ಡ ಹಾಯ್ದರೆ, ಗಾಳಿ ಬೀಸಿ ಮುಕ್ಕಾಲಿ ನಡುಗಿದರೆ, ಆ ಒಂದು ತುಂಡನ್ನು ಎಸೆದು ಉಳಿದವನ್ನು ಕೂಡಿಸಬಹುದು. ಕೂಡಿಸುವುದರಲ್ಲಿಯೇ ಎಲ್ಲ ಗುಟ್ಟೂ ಇದೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲಿಯೂ ಅದೇ ಜಾಗದಲ್ಲಿ ಬೀಳುತ್ತದೆ. ಆದರೆ ಅದರೊಡನೆ ಬೆರೆತ ಅಡ್ಡಾದಿಡ್ಡಿ ಏರುಪೇರು, ಎಂಜಿನಿಯರುಗಳು ಗದ್ದಲವೆಂದು ಕರೆಯುವಂಥದು, ಒಂದು ಚಿತ್ರದಲ್ಲಿ ಹೆಚ್ಚಾದರೆ ಇನ್ನೊಂದರಲ್ಲಿ ಕಡಮೆಯಾಗುತ್ತದೆ. ನೂರು ಚಿತ್ರಗಳನ್ನು ಕೂಡಿಸಿದಾಗ ಬೆಳಕು ನೂರು ಪಟ್ಟು ಬೆಳೆದರೆ ಗದ್ದಲ ಬೆಳೆಯುವುದು ಹತ್ತೇ ಪಟ್ಟು. ಚಿತ್ರದ ಸ್ಪಷ್ಟತೆ ಚಿತ್ರಗಳ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ. ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಕಾಲ ನಾಲ್ಮಡಿಯಾಗಬೇಕು. ಗಣಿತದ ಈ ಕಟ್ಟುನಿಟ್ಟಿನಿಂದಾಗಿಯೇ ಹವ್ಯಾಸಿಗಳು ರಾತ್ರಿಯೆಲ್ಲ ಚಳಿಯಲ್ಲಿ ಕೂರುವುದು.

ನಮಗಿದ್ದ ಕಾಲವಾದರೂ ಎಷ್ಟು? ತೋಟದ ಪಡುವಣಕ್ಕೆ ಗುಡ್ಡ ಎದ್ದುನಿಂತಿದೆ. ಹನ್ನೆರಡೂವರೆಗೆ ನೀಹಾರಿಕೆ ಅದರ ನೆತ್ತಿಗೆ ತಾಗುವುದೆಂದು ಮೊದಲೇ ಲೆಕ್ಕಹಾಕಿದ್ದೆವು. ಏಳು ಮುಕ್ಕಾಲರಿಂದ ಹನ್ನೆರಡೂವರೆ, ಒಟ್ಟು ನಾಲ್ಕು ಮುಕ್ಕಾಲು ಗಂಟೆ.

ಚಳಿ ಈ ಕೆಲಸಕ್ಕೆ ಮಿತ್ರ. ಬೆಳಕು ಬೀಳದಿದ್ದರೂ, ಕೇವಲ ಶಾಖದ ಕುಲುಕಾಟದಿಂದಲೇ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಕೋಶಗಳಲ್ಲಿ ಬೀಳುತ್ತಿರುತ್ತವೆ. ಅವು ನಕ್ಷತ್ರದಿಂದ ಬಂದವೋ ಶಾಖದಿಂದ ಬಂದವೋ ಎಂದು ಕೋಶಕ್ಕೆ ತಿಳಿಯದು. ಫಲಕದ ಉಷ್ಣತೆ ಸುಮಾರು 6 ಡಿಗ್ರಿ ಇಳಿದರೆ ಈ ಕಳ್ಳಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲಿನ 30 ಡಿಗ್ರಿಯ ರಾತ್ರಿಗೂ ಡಿಸೆಂಬರಿನ 12 ಡಿಗ್ರಿಯ ರಾತ್ರಿಗೂ ಅಂತರ 18 ಡಿಗ್ರಿ. ಕಳ್ಳಲೆಕ್ಕ ಎಂಟರಲ್ಲಿ ಒಂದು ಪಾಲಾಗುತ್ತದೆ. ದೊಡ್ಡ ವೀಕ್ಷಣಾಲಯಗಳಲ್ಲಿ ಫಲಕವನ್ನು ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಂಪುಮಾಡಿಡುತ್ತಾರೆ. ಅಲ್ಲಿನ ಖಗೋಳಜ್ಞರು ಮಾತ್ರ ಬೆಚ್ಚಗಿರುತ್ತಾರೆ: ಲಡಾಕಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಕೃತಕ ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಹವ್ಯಾಸಿಗೆ ಆ ಭಾಗ್ಯವಿಲ್ಲ. ಅವನ ಫಲಕ ತಂಪಾದಷ್ಟೂ ಅವನ ಮೂಗೂ ತಂಪಾಗುತ್ತದೆ.

ಎಂಟೂವರೆಯ ಹೊತ್ತಿಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದುದನ್ನು ಕಂಡು ನಮಗೆ ಧೈರ್ಯ ಬಂದಿತು. ತೋಟದ ರೈಟರ ಮನೆಯಲ್ಲಿ ಊಟಕ್ಕೆ ಹೇಳಿದ್ದರು. ಅಕ್ಕಿರೊಟ್ಟಿ, ಒಲೆಯ ಮುಂದೆ ಕಾಫಿ, ಆಮೇಲೆ ಆ ವರ್ಷದ ಕಾಫಿಯ ಧಾರಣೆಯ ಮಾತು. ಮರಳಿ ಕಣಕ್ಕೆ ಬಂದಾಗ ಹತ್ತು ಗಂಟೆ ಕಳೆದಿದ್ದಿತು. ಕ್ಯಾಮರಾದ ಪರದೆಯ ಮೇಲೆ ಬಂದಿದ್ದ ಕೊನೆಯ ಚಿತ್ರವನ್ನು ನೋಡಿ ನಾನು ಮೊದಲು ನಂಬಲಿಲ್ಲ. ನಕ್ಷತ್ರಗಳೆಲ್ಲ ಬಾತುಕೊಂಡು ಹತ್ತಿಯ ಉಂಡೆಗಳಾಗಿದ್ದವು. ನೀಹಾರಿಕೆ ಇದ್ದ ಕಡೆ ಬೂದು ಬಣ್ಣದ ಮಬ್ಬು. ಟಾರ್ಚಿನ ಕೆಂಪು ಬೆಳಕನ್ನು ಮಸೂರದ ಮೇಲೆ ಬಿಟ್ಟಾಗ ಎಲ್ಲವೂ ತಿಳಿಯಿತು. ಸ್ನಾನದ ಮನೆಯ ಕನ್ನಡಿಯಂತೆ ಗಾಜೆಲ್ಲ ಇಬ್ಬನಿಯಿಂದ ಮುಚ್ಚಿಹೋಗಿದ್ದಿತು.

ನಮ್ಮ ಹಿಂದೆಯೇ ಲಾಟೀನು ಹಿಡಿದು ಬಂದಿದ್ದ ತೋಟದ ಹಿರಿಯ ಮೇಸ್ತ್ರಿ ಒಂದು ಕ್ಷಣ ನೋಡಿ, "ಕಾಫಿಗೆ ಹೊದಿಸಿದ್ದೀವಿ ಮೇಷ್ಟ್ರೇ, ನಿಮ್ಮ ದುರ್ಬೀನಿಗೆ ಯಾಕೆ ಹೊದಿಸಲಿಲ್ಲ?" ಎಂದು ಕೇಳಿದ. ಭೌತಶಾಸ್ತ್ರವನ್ನು ಹತ್ತು ವರ್ಷ ಪಾಠಹೇಳಿದವನು ಉತ್ತರ ಕೊಡಲಾರದೆ ನಿಂತೆ.

ಇಬ್ಬನಿ ಬೀಳುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ಮಳೆಯಂತೆ ಅದು ಮೇಲಿನಿಂದ ಬೀಳುವುದಿಲ್ಲ. ವಸ್ತುವಿನ ಮೈಮೇಲೆಯೇ ಹುಟ್ಟುತ್ತದೆ. ಇದನ್ನು ಮೊದಲು ಅಚ್ಚುಕಟ್ಟಾಗಿ ತೋರಿಸಿಕೊಟ್ಟವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ. ಅವನು ರಾತ್ರಿಗಳಲ್ಲಿ ಉದ್ಯಾನದಲ್ಲಿ ತೂಕಮಾಡಿದ ಉಣ್ಣೆಯ ಉಂಡೆಗಳನ್ನು ಇರಿಸಿ, ಅವು ಎಷ್ಟೆಷ್ಟು ಇಬ್ಬನಿಯನ್ನು ಹೀರಿದುವೆಂದು ಮತ್ತೆ ತೂಗಿ ನೋಡಿದ. ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯ ಕೆಳಗಿಟ್ಟ ಉಣ್ಣೆಗೆ ಮೇಲಿಟ್ಟ ಉಣ್ಣೆಗಿಂತ ಕಡಮೆ ಇಬ್ಬನಿ ಬಂದಿತು. ಇದಕ್ಕೆ ಹಲಗೆ ಅಡ್ಡವಾಯಿತು ಎನ್ನಬಹುದಷ್ಟೆ? ಅದಕ್ಕಾಗಿ ಅವನು ಇನ್ನೊಂದು ಉಂಡೆಯನ್ನು, ಮೇಲೆ ಬಾಯಿ ತೆರೆದಿರುವ ಸುಟ್ಟ ಮಣ್ಣಿನ ಕೊಳವೆಯ ನಡುವೆ ಇಟ್ಟನು. ನೇರವಾಗಿ ಬೀಳುವುದಾದರೆ ಯಾವ ಅಡ್ಡಿಯೂ ಇಲ್ಲ. ಆದರೂ ಬಯಲಿನಲ್ಲಿಟ್ಟ ಉಣ್ಣೆಗಿಂತ ಅದಕ್ಕೆ ಬಂದ ಇಬ್ಬನಿ ಬಹಳ ಕಡಮೆ. ಅವನ ಪುಸ್ತಕ 1814ರಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಬೇಕಾದುದು ಉಣ್ಣೆ, ತಕ್ಕಡಿ, ಉಷ್ಣಮಾಪಕ ಮತ್ತು ನಿದ್ದೆಗೆಡುವ ಶಕ್ತಿ, ಇಷ್ಟೇ.

ಕಾರಣ ಹೀಗಿದೆ. ಪ್ರತಿಯೊಂದು ವಸ್ತುವೂ ಹಗಲಿರುಳೆನ್ನದೆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಹೊರಸೂಸುತ್ತಿರುತ್ತದೆ. ಸುತ್ತಲಿನ ವಸ್ತುಗಳೂ ಅದರ ಕಡೆಗೆ ಹಾಗೆಯೇ ಸೂಸುವುದರಿಂದ ಕೊಟ್ಟುದಕ್ಕೂ ಪಡೆದುದಕ್ಕೂ ಸರಿಹೋಗುತ್ತದೆ. ಆದರೆ ಮಸೂರದ ಎದುರಿಗಿರುವುದು ಮರವಲ್ಲ, ಗೋಡೆಯಲ್ಲ. ಮೋಡವಿಲ್ಲದ ಬರಿಯ ಆಕಾಶ. ಅದರಿಂದ ಮರಳಿ ಬರುವ ಶಾಖ ಬಹಳ ಕಡಮೆ. ಮಸೂರ ಕೊಡುತ್ತಲೇ ಹೋಗುತ್ತದೆ, ಪಡೆಯುವುದು ಸ್ವಲ್ಪ. ಹೀಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರಾವಿ ಯಾವ ಉಷ್ಣತೆಯಲ್ಲಿ ಹನಿಗಟ್ಟಲು ತೊಡಗುವುದೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಆ ರಾತ್ರಿ ಹತ್ತು ಗಂಟೆಗೆ ನಮ್ಮ ಉಪಕರಣಗಳು ತೋರಿಸಿದ ಉಷ್ಣತೆ 13 ಡಿಗ್ರಿ, ಆರ್ದ್ರತೆ ನೂರಕ್ಕೆ 90. ಲೆಕ್ಕಮಾಡಿದರೆ ಇಬ್ಬನಿ ಬಿಂದು ಸುಮಾರು 11.4 ಡಿಗ್ರಿ. ಮಸೂರ ಗಾಳಿಗಿಂತ ಒಂದೂವರೆ ಎರಡು ಡಿಗ್ರಿ ತಣ್ಣಗಾದರೆ ಸಾಕು, ತೇವ ಕಟ್ಟುವುದು ಖಂಡಿತ. ಆಕಾಶ ಶುಭ್ರವಾಗಿದ್ದಷ್ಟೂ ಚಿತ್ರಕ್ಕೆ ಒಳ್ಳೆಯದು. ಆಕಾಶ ಶುಭ್ರವಾಗಿದ್ದಷ್ಟೂ ಮಸೂರ ಬೇಗ ಒದ್ದೆಯಾಗುವುದು. ಮೋಡ ಕವಿದ ರಾತ್ರಿ ಇಬ್ಬನಿಯ ಕಾಟವಿಲ್ಲ, ಆದರೆ ಆಗ ನಕ್ಷತ್ರವೂ ಇಲ್ಲ!

ಕಾಫಿಯ ಮೇಲಿನ ಟಾರ್ಪಾಲು ಮಾಡುವ ಕೆಲಸ ಈಗ ವಾಚಕರಿಗೆ ಸ್ಪಷ್ಟವಾಗಿರಬೇಕು. ಅದು ಆಕಾಶಕ್ಕೂ ಕಾಫಿಗೂ ನಡುವೆ ನಿಂತು, ತಣ್ಣಗಾಗುವ ಕಷ್ಟವನ್ನು ತಾನೇ ವಹಿಸಿಕೊಳ್ಳುತ್ತದೆ. ಮಸೂರದ ಮುಂದೆ ಟಾರ್ಪಾಲು ಹೊದಿಸಲಾಗದು. ಅದಕ್ಕೆಂದೇ ದೂರದರ್ಶಕದ ಮುಂತುದಿಗೆ ಒಂದು ಕೊಳವೆಯನ್ನು ಜೋಡಿಸಿರುತ್ತಾರೆ. ಇದು ವೆಲ್ಸನ ಮಣ್ಣಿನ ಕೊಳವೆಯೇ. ಮಸೂರಕ್ಕೆ ಕಾಣುವ ಆಕಾಶದ ಪಾಲನ್ನು ಅದು ಕಡಮೆಮಾಡುತ್ತದೆ. ನಮ್ಮ ದೂರದರ್ಶಕಕ್ಕೂ ಅಂತಹ ಕೊಳವೆಯುಂಟು, ಬೇಕಾದಾಗ ಮುಂದಕ್ಕೆ ಎಳೆದುಕೊಳ್ಳಬಹುದು. ಸಂಜೆ ಬಿಂಬವನ್ನು ನಾಭಿಗೆ ತರುವಾಗ ಅದನ್ನು ಹಿಂದಕ್ಕೆ ತಳ್ಳಿದವನು ನಾನು; ಮತ್ತೆ ಮುಂದಕ್ಕೆ ಎಳೆಯಲು ಮರೆತವನೂ ನಾನೇ.

ಬಟ್ಟೆಯಿಂದ ಒರೆಸಿದರೆ ಮಸೂರಕ್ಕೆ ಗೀರು ಬೀಳುವ ಭಯ; ಒರೆಸಿದರೂ ಐದು ನಿಮಿಷದಲ್ಲಿ ಮತ್ತೆ ಅದೇ ಸ್ಥಿತಿ. ಮಸೂರವನ್ನು ಬೆಚ್ಚಗೆ ಮಾಡುವುದೊಂದೇ ದಾರಿ. ಕಿರಿಯ ವಿದ್ಯಾರ್ಥಿ ಇದಕ್ಕಾಗಿ ಪ್ರಯೋಗಶಾಲೆಯಲ್ಲಿ ಒಂದು ಪಟ್ಟಿಯನ್ನು ಹೊಲಿದು ತಂದಿದ್ದ. 330 ಓಮಿನ, ಅರ್ಧ ವಾಟ್ ತಾಳುವ ಹನ್ನೆರಡು ರೋಧಕಗಳನ್ನು ಸಮಾಂತರವಾಗಿ ಬೆಸೆದು ಬಟ್ಟೆಯ ಪಟ್ಟಿಯಲ್ಲಿ ಸೇರಿಸಿದ್ದ. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ ಒಂದೊಂದರಲ್ಲಿಯೂ 0.44 ವಾಟ್, ಒಟ್ಟು ಐದು ವಾಟಿಗಿಂತ ಸ್ವಲ್ಪ ಹೆಚ್ಚು. ಸಂಜೆ ನಾನು ಅದನ್ನು ನೋಡಿ, ಅಷ್ಟೇನೂ ಅಗತ್ಯ ಬೀಳದು ಎಂದಿದ್ದೆ. ಈಗ ಅವನು ಮಾತಿಲ್ಲದೆ ಅದನ್ನು ತಂದು ಮಸೂರದ ಕೊರಳಿಗೆ ಸುತ್ತಿದ. ಗಾಜು ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಾದರೆ ಸಾಕಾದರೂ ಅದು ನಿಧಾನವಾಗಿ ನಡೆಯುವ ಕೆಲಸ. ಕಾಯುತ್ತ ಕುಳಿತೆವು.

ಆಗ ಇನ್ನೊಬ್ಬ ವಿದ್ಯಾರ್ಥಿ, ಕಂಬಳಿಯೊಳಗಿನಿಂದ, ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ. "ಸಾರ್, ಹಬಲ್ ದೂರದರ್ಶಕದ ಚಿತ್ರಗಳು ಬೇಕಾದಷ್ಟಿವೆ. ಅವಕ್ಕಿಂತ ಒಳ್ಳೆಯದನ್ನು ನಾವೇನು ತೆಗೆಯುತ್ತೇವೆ?"

ಪ್ರಶ್ನೆ ನ್ಯಾಯವಾದುದೇ. ನಾನು ಅವನಿಗೆ ಐಸಾಕ್ ರಾಬರ್ಟ್ಸನ ವಿಷಯವನ್ನು ಹೇಳಿದೆ. ಅವನು ಲಿವರ್‌ಪೂಲಿನಲ್ಲಿ ಕಟ್ಟಡದ ಕಂಟ್ರಾಕ್ಟು ಮಾಡಿ ಹಣ ಗಳಿಸಿದವನು. ಖಗೋಳಶಾಸ್ತ್ರ ಅವನ ಹವ್ಯಾಸ. 1888ರ ಡಿಸೆಂಬರ್ 29ರಂದು, ಇಂಗ್ಲೆಂಡಿನ ಚಳಿಗಾಲದ ನಡುವೆ, 20 ಅಂಗುಲದ ದರ್ಪಣದಿಂದ ಇದೇ ನೀಹಾರಿಕೆಯ ಕಡೆಗೆ ಗಾಜಿನ ಫಲಕವನ್ನು ನಾಲ್ಕು ಗಂಟೆಗಳ ಕಾಲ ತೆರೆದಿಟ್ಟನು. ಅಲ್ಲಿಯವರೆಗೆ ಯಾವ ಕಣ್ಣೂ ಸ್ಪಷ್ಟವಾಗಿ ಕಾಣದಿದ್ದ ಸುರುಳಿಯಾಕಾರ ಆ ಫಲಕದಲ್ಲಿ ಮೂಡಿತು. ಸೂರ್ಯಮಂಡಲವೊಂದು ರೂಪುಗೊಳ್ಳುತ್ತಿರುವುದನ್ನೇ ತಾನು ಕಂಡೆನೆಂದು ಅವನು ಭಾವಿಸಿದ. ಅರ್ಥಮಾಡಿದುದು ತಪ್ಪು, ಚಿತ್ರ ಸರಿಯಾಗಿದ್ದಿತು. ಆ ಮಸುಕು ಮೋಡ ನಮ್ಮ ಆಕಾಶಗಂಗೆಗೆ ಸೇರಿದ್ದಲ್ಲವೆಂದು ತೋರಿಸುವ ನಕ್ಷತ್ರವೊಂದನ್ನು ಎಡ್ವಿನ್ ಹಬಲ್ ಕಂಡುಹಿಡಿದುದು 1923ರಲ್ಲಿ. ರಾಬರ್ಟ್ಸನಿಗೂ ಮೊದಲು, 1880ರಲ್ಲಿ, ವೈದ್ಯಶಾಸ್ತ್ರ ಓದಿದ್ದ ಹೆನ್ರಿ ಡ್ರೇಪರ್ ಮಹಾವ್ಯಾಧನ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು 51 ನಿಮಿಷದಲ್ಲಿ ತೆಗೆದಿದ್ದ. 1883ರಲ್ಲಿ ಆಂಡ್ರೂ ಕಾಮನ್ ಎಂಬ ನೈರ್ಮಲ್ಯ ಎಂಜಿನಿಯರು ಅದೇ ನೀಹಾರಿಕೆಯನ್ನು 37 ನಿಮಿಷ ಚಿತ್ರಿಸಿ, ಕಣ್ಣಿಗೆ ಎಂದೂ ಕಾಣದ ನಕ್ಷತ್ರಗಳನ್ನು ಕ್ಯಾಮರಾ ಕಾಣಬಲ್ಲುದೆಂದು ತೋರಿಸಿದ್ದ. ಆಕಾಶದ ಛಾಯಾಚಿತ್ರಣದ ಮೊದಲ ಅಧ್ಯಾಯಗಳನ್ನು ಬರೆದವರಲ್ಲಿ ಹವ್ಯಾಸಿಗಳೇ ಮುಂದೆ.

"ಅದು ಆಗಿನ ಕಾಲ ಸಾರ್," ಎಂದ ಅವನು. ಅದಕ್ಕೂ ಉತ್ತರವಿದ್ದಿತು. 2022ರಲ್ಲಿ ಫ್ರಾನ್ಸಿನ ಯಾನ್ ಸೆಂತಿ ಎಂಬ ಹವ್ಯಾಸಿ, ಸುಮಾರು ನಾಲ್ಕು ಅಂಗುಲದ ದೂರದರ್ಶಕದಿಂದ ಇದೇ ಆಂಡ್ರೊಮಿಡಾವನ್ನು ಹಲವಾರು ರಾತ್ರಿ ಚಿತ್ರಿಸಿದ. ಆಮ್ಲಜನಕ ಸೂಸುವ 500.7 ನ್ಯಾನೋಮೀಟರಿನ ಹಸಿರು ಬೆಳಕನ್ನು ಮಾತ್ರ ಒಳಗೆ ಬಿಡುವ ಶೋಧಕವನ್ನೂ ಅವನು ಉಪಯೋಗಿಸಿದ್ದ. ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಇನ್ನಿಬ್ಬರು ಹವ್ಯಾಸಿಗಳು ಜೊತೆಗೂಡಿದರು. ನೂರು ಗಂಟೆಗೂ ಮೀರಿದ ಬೆಳಕನ್ನು ಕೂಡಿಸಿದಾಗ ನೀಹಾರಿಕೆಯ ಪಕ್ಕದಲ್ಲಿಯೇ, ಒಂದೂವರೆ ಡಿಗ್ರಿ ಉದ್ದದ, ಬಿಲ್ಲಿನಂತೆ ಬಾಗಿದ ಒಂದು ತೆಳು ಹೊಳಪು ಕಂಡುಬಂದಿತು. ಆಕಾಶದಲ್ಲಿ ಮೂರು ಚಂದ್ರರಷ್ಟು ಉದ್ದದ ವಸ್ತು. ಅತ್ಯಂತ ಹೆಚ್ಚು ಚಿತ್ರಿತವಾದ ಜಾಗದಲ್ಲಿಯೇ ಇದ್ದು ಯಾವ ವೀಕ್ಷಣಾಲಯದ ಕಣ್ಣಿಗೂ ಬಿದ್ದಿರಲಿಲ್ಲ! 2023ರ ಜನವರಿಯಲ್ಲಿ ಈ ಶೋಧ ಪ್ರಕಟವಾಯಿತು. ಅದು ಆಂಡ್ರೊಮಿಡಾಕ್ಕೆ ಸೇರಿದ್ದಲ್ಲ, ನಮ್ಮ ಆಕಾಶಗಂಗೆಯದೇ ಎಂಬ ಅಭಿಪ್ರಾಯವೇ ಅನಂತರದ ಅಧ್ಯಯನಗಳಿಂದ ಬಲಗೊಂಡಿದೆ.

ದೊಡ್ಡ ದೂರದರ್ಶಕಗಳಿಗೆ ಇದು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವು ಒಮ್ಮೆಗೆ ನೋಡುವ ಆಕಾಶ ಬಹಳ ಕಿರಿದು. 2025ರ ಜನವರಿಯಲ್ಲಿ ಹಬಲ್ ದೂರದರ್ಶಕದ ಪೂರ್ಣ ಆಂಡ್ರೊಮಿಡಾ ಚಿತ್ರ ಪ್ರಕಟವಾದಾಗ ಅದಕ್ಕೆ ಸುಮಾರು 600 ತುಂಡು ಚಿತ್ರಗಳನ್ನು ಜೋಡಿಸಬೇಕಾಗಿದ್ದಿತು. ಹತ್ತು ವರ್ಷಕ್ಕೂ ಹೆಚ್ಚಿನ ಕೆಲಸ ಅದು. ನಮ್ಮ 80 ಮಿಲಿಮೀಟರಿನ ಮಸೂರಕ್ಕೆ ನೀಹಾರಿಕೆಯೆಲ್ಲ, ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದರೆ, ಒಂದೇ ಸಲಕ್ಕೆ ಹಿಡಿಸುತ್ತದೆ. ಅಲ್ಲದೆ ದೊಡ್ಡ ದೂರದರ್ಶಕದ ಒಂದೊಂದು ಗಂಟೆಗೂ ಹತ್ತಾರು ಅರ್ಜಿಗಳಿರುತ್ತವೆ. ಒಂದೇ ಜಾಗವನ್ನು ನೂರು ಗಂಟೆ ನೋಡುತ್ತೇನೆಂದರೆ ಯಾರು ಕೊಟ್ಟಾರು? ಹವ್ಯಾಸಿ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಅವನ ಬಳಿ ಇರುವ ದೊಡ್ಡ ಉಪಕರಣವೆಂದರೆ ರಾತ್ರಿಗಳು. ನಾವು ಇನ್ನೊಂದು ಬಿಲ್ಲನ್ನು ಕಂಡುಹಿಡಿಯುತ್ತೇವೆಂದು ನಾನು ಹುಡುಗನಿಗೆ ಭರವಸೆ ಕೊಡಲಿಲ್ಲ, ಕೊಡುವುದು ಸಾಧ್ಯವೂ ಇರಲಿಲ್ಲ. ಅವನು ಏನೂ ಹೇಳದೆ ಎದ್ದು ಹೋಗಿ ಮಸೂರವನ್ನು ನೋಡಿ ಬಂದ. ನಡುವಿನಲ್ಲಿ ಅಂಗೈಯಗಲ ತಿಳಿಯಾಗಿದ್ದಿತು.

ಹತ್ತು ಗಂಟೆ ಐವತ್ತು ನಿಮಿಷಕ್ಕೆ ಮತ್ತೆ ಆರಂಭಿಸಿದೆವು. ಅದಕ್ಕೆ ಮೊದಲು ನಾಭಿಯನ್ನು ಪುನಃ ಸರಿಪಡಿಸಬೇಕಾಯಿತು. ಸಂಜೆಯಿಂದ ಉಷ್ಣತೆ ಇಳಿದಿದ್ದುದರಿಂದ ಅಲ್ಯೂಮಿನಿಯಮಿನ ಕೊಳವೆ ಕುಗ್ಗಿದ್ದಿತು. ಕುಗ್ಗಿದುದು ಹೆಚ್ಚೆಂದರೆ ಒಂದು ಕೂದಲಿನ ದಪ್ಪ. ಆದರೆ ನಕ್ಷತ್ರದ ಚುಕ್ಕೆಯನ್ನು ಕೆಡಿಸಲು ಅಷ್ಟೇ ಸಾಕು. ಈ ಸಲ ಯಾರೂ ಒಲೆಯ ಬಳಿಗೆ ಹೋಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಎದ್ದು ಮಸೂರಕ್ಕೆ ಕೆಂಪು ದೀಪ ಹಿಡಿದು ನೋಡುವುದೆಂದು ಸರದಿ ಮಾಡಿಕೊಂಡೆವು. ಮಹಾವ್ಯಾಧ ಆಗ ಪೂರ್ವದಿಂದ ಮೇಲೇರಿ ಬಂದಿದ್ದ. ಲುಬ್ಧಕ ಅವನ ಹಿಂದೆ ಸಿಲ್ವರ್ ಓಕಿನ ಕೊಂಬೆಗಳ ನಡುವೆ ನೀಲಿ, ಕೆಂಪು, ಹಸಿರಾಗಿ ಸಿಡಿಯುತ್ತಿದ್ದ.

ಹನ್ನೊಂದೂವರೆಯ ಮೇಲೆ ನಾವು ಎಣಿಸದಿದ್ದ ಒಂದು ಸಹಾಯ ಒದಗಿತು. ದಕ್ಷಿಣದ ಕಡೆ ಊರಿನ ದೀಪಗಳ ಹೊಂಬಣ್ಣದ ಹೊಳಪು ಸಂಜೆಯಿಂದಲೂ ಆಕಾಶದ ಬುಡವನ್ನು ಬೆಳಗುತ್ತಿದ್ದಿತು. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತಿರುವುದನ್ನು ನಾವು ಬಲ್ಲೆವು. ಐದಾರು ವರ್ಷಗಳ ಹಿಂದೆ ನಾವು ಹೋಗುತ್ತಿದ್ದ ಕೆರೆಯ ಏರಿಯೊಂದನ್ನು ಈ ಕಾರಣದಿಂದಲೇ ಬಿಡಬೇಕಾಯಿತು. ಆ ರಾತ್ರಿ ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ತಂಗಿ, ಅಲ್ಲಿ ದಟ್ಟವಾದ ಮಂಜು ಕಟ್ಟತೊಡಗಿತು. ನೋಡನೋಡುತ್ತಿದ್ದಂತೆ ದೀಪಗಳು ಒಂದೊಂದಾಗಿ ಮುಳುಗಿದವು. ದಕ್ಷಿಣದ ಹೊಳಪು ಮಸುಕಾಯಿತು, ನಮ್ಮ ಮೇಲಿನ ಆಕಾಶ ಮತ್ತೂ ಕಪ್ಪಾಯಿತು. ನಾವು ಮಂಜಿನ ಮೇಲೆ, ದ್ವೀಪದಲ್ಲಿ ಕುಳಿತಂತೆ ಕುಳಿತಿದ್ದೆವು. ಎರಡು ಗಂಟೆ ಮೊದಲು ನಮ್ಮ ಮಸೂರವನ್ನು ಕುರುಡುಮಾಡಿದ ಅದೇ ನೀರಾವಿ ಈಗ ಊರಿನ ದೀಪಗಳಿಗೆ ಮುಚ್ಚಳ ಹಾಕಿದ್ದಿತು. ಆ ಒಂದು ಗಂಟೆಯ ಚಿತ್ರಗಳು ನಾವು ತೆಗೆದವುಗಳಲ್ಲೆಲ್ಲ ಉತ್ತಮವಾದವು.

ಹನ್ನೆರಡೂವರೆಗೆ ನೀಹಾರಿಕೆ ಗುಡ್ಡವನ್ನು ಮುಟ್ಟಿತು. ಉಳಿದ ರಾತ್ರಿಯನ್ನು ಮಹಾವ್ಯಾಧನಿಗೆ ಕೊಟ್ಟೆವು. ನಾಲ್ಕರ ಮುಂಚೆಯೇ ಶುಕ್ರ ಪೂರ್ವದಲ್ಲಿ ಎದ್ದ. ಅವನ ಹಿಂದೆಯೇ ಉಗುರಿನಂತಹ ಚಂದ್ರ. ಆರೂವರೆಗೆ ಆಳುಗಳು ಬಂದು ಟಾರ್ಪಾಲನ್ನು ಮಡಚಿದಾಗ ಅದರ ಮಡಿಕೆಗಳಿಂದ ನೀರು ಧಾರೆಯಾಗಿ ಸುರಿಯಿತು. ಕೆಳಗಿನ ಕಾಫಿ ಒಣಗಿಯೇ ಇದ್ದಿತು. ಮೇಸ್ತ್ರಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿ, ಮುಟ್ಟಿನೋಡಿ ಎಂದ.

ಒಟ್ಟು 81 ಒಳ್ಳೆಯ ಚಿತ್ರಗಳು ದೊರೆತಿದ್ದವು. ಉಪಗ್ರಹಗಳ ಗೆರೆ ಬಿದ್ದ ಐದನ್ನು ತೆಗೆದು ಉಳಿದ 76ನ್ನು ಗಣಕದಲ್ಲಿ ಕೂಡಿಸಿದೆವು. ಎರಡೂವರೆ ಗಂಟೆಯ ಬೆಳಕು. ಧೂಳಿನ ಎರಡು ಕಪ್ಪು ಪಟ್ಟೆಗಳು, ಅಂಚಿನ ನೀಲಿ ಛಾಯೆ, ಪಕ್ಕದಲ್ಲಿ ಆಂಡ್ರೊಮಿಡಾದ ಜೊತೆಗಾರರಾದ ಎರಡು ಪುಟ್ಟ ನಕ್ಷತ್ರಸಮೂಹಗಳು ಚೆನ್ನಾಗಿ ಮೂಡಿವೆ. ರಾಬರ್ಟ್ಸನ ಫಲಕದೊಡನೆ ಹೋಲಿಸಿ ನೋಡುವ ಧೈರ್ಯವನ್ನೂ ಮಾಡಿದೆವು.

ಹಾಳಾದ ಚಿತ್ರಗಳನ್ನು ನಾನು ಅಳಿಸಿಹಾಕುವವನಿದ್ದೆ. ಕಂಬಳಿಯೊಳಗಿನಿಂದ ಪ್ರಶ್ನೆ ಕೇಳಿದ ವಿದ್ಯಾರ್ಥಿ ಬೇಡವೆಂದು ಹೇಳಿ ಅವನ್ನು ಮನೆಗೆ ಒಯ್ದ. ಒಂದು ನಕ್ಷತ್ರವನ್ನು ಆರಿಸಿ, ಒಂದೊಂದು ಚಿತ್ರದಲ್ಲಿಯೂ ಅದರ ಬಿಂಬದ ಅಗಲವನ್ನೂ ಬೆಳಕನ್ನೂ ಅಳೆದು, ಕಾಲಕ್ಕೆ ಎದುರಾಗಿ ಗುರುತಿಸಿ, ಗಾಜಿನ ಮೇಲೆ ಇಬ್ಬನಿ ಬೆಳೆಯುವ ಪರಿಯನ್ನು ತೋರಿಸುವ ಒಂದು ನಕ್ಷೆಯನ್ನು ಎರಡು ವಾರದಲ್ಲಿ ತಂದುಕೊಟ್ಟ. ಬ್ಯಾಂಕಿನ ಗೆಳೆಯರು ಅರ್ಧ ಗಂಟೆಗೊಮ್ಮೆ ಬರೆದಿಟ್ಟಿದ್ದ ಉಷ್ಣತೆ, ಆರ್ದ್ರತೆಗಳನ್ನೂ ಅದರ ಕೆಳಗೆ ಸೇರಿಸಿದ್ದ. ಗೆರೆ ಏಳು ಮುಕ್ಕಾಲರಿಂದ ನೇರವಾಗಿ ಸಾಗಿ, ಎಂಟು ಗಂಟೆ ಐವತ್ತಾರು ನಿಮಿಷಕ್ಕೆ ಬಾಗತೊಡಗುತ್ತದೆ. ಆ ಹೊತ್ತಿನಲ್ಲಿ ನಾವು ಐವರೂ ರೈಟರ ಮನೆಯ ಒಲೆಯ ಮುಂದೆ ಕುಳಿತು ಎರಡನೆಯ ಲೋಟ ಕಾಫಿಯನ್ನು ಕುಡಿಯುತ್ತಿದ್ದೆವು.